ಜಾಹೀರಾತಿನ ಮೇಲೆ ಗೀಚಿದವರು ಯಾರ ಕೆಲಸ ಮಾಡಿಕೊಟ್ಟರು?

2025ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ನಗರದ ಸುರಂಗ ರೈಲುಗಳ ತುಂಬ ಬಿಳಿಯ ಪೋಸ್ಟರುಗಳು ಕಾಣಿಸಿಕೊಂಡವು. ಕೊರಳಲ್ಲಿ ಪದಕದ ಹಾಗೆ ತೂಗಿಕೊಂಡು, ಧರಿಸಿದವರ ಮಾತನ್ನು ಕೇಳಿಸಿಕೊಳ್ಳುತ್ತ, ಅವರ ಮೊಬೈಲಿಗೆ ಸಂದೇಶ ಕಳಿಸಿ ಸಂಗಾತಿಯಂತೆ ನಡೆದುಕೊಳ್ಳುವ ಕೃತಕ ಬುದ್ಧಿಮತ್ತೆಯ ಸಾಧನವೊಂದರ ಜಾಹೀರಾತು ಅದು. ಸಾಧನದ ಹೆಸರು ‘ಫ್ರೆಂಡ್’. ಕಿವಿಗೊಡುವವರು, ಸ್ಪಂದಿಸುವವರು, ಬೆಂಬಲಕ್ಕೆ ನಿಲ್ಲುವವರು ಗೆಳೆಯರು ಎಂದು ನಿಘಂಟಿನ ಮಾದರಿಯಲ್ಲಿ ಒಂದು ಸಾಲು ಅಚ್ಚು ಹಾಕಿ, ಉಳಿದ ಜಾಗವನ್ನೆಲ್ಲ ಖಾಲಿ ಬಿಡಲಾಗಿತ್ತು. ಬೋಗಿಗಳೊಳಗೆ 11,000ಕ್ಕೂ ಹೆಚ್ಚು ಪಟ್ಟಿಗಳು, ಪ್ಲಾಟ್‌ಫಾರ್ಮುಗಳಲ್ಲಿ ಸುಮಾರು 1,000 ಪೋಸ್ಟರುಗಳು ಬಿದ್ದಿದ್ದವು. ಇಡೀ ಪ್ರಚಾರಕ್ಕೆ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಖರ್ಚಾಯಿತು.

ಕೆಲವೇ ದಿನಗಳಲ್ಲಿ ಖಾಲಿ ಜಾಗ ತುಂಬಿತು. ಯಂತ್ರ ನಿಮ್ಮ ಗೆಳೆಯನಲ್ಲ, ನಿಜವಾದ ಗೆಳೆಯರನ್ನು ಹುಡುಕಿಕೊಳ್ಳಿ, ಇದು ಕಾವಲುಗಣ್ಣಿನ ವ್ಯಾಪಾರ ಎಂಬಂಥ ಮಾತುಗಳನ್ನು ಪ್ರಯಾಣಿಕರು ದಪ್ಪ ಪೆನ್ನಿನಲ್ಲಿ ಬರೆದರು. ಸುದ್ದಿ ಇಷ್ಟಕ್ಕೇ ಮುಗಿದಿದ್ದರೆ ಗೊಂದಲವಿರಲಿಲ್ಲ. ಆದರೆ ಆ ಕಂಪನಿಯ ಸಂಸ್ಥಾಪಕರು, ಈ ನಗರದ ಜನಕ್ಕೆ ಕೃತಕ ಬುದ್ಧಿಮತ್ತೆ ಕಂಡರಾಗದು ಎಂಬುದು ತಮಗೆ ಮೊದಲೇ ಗೊತ್ತಿತ್ತು, ಅವರು ಬರೆಯಲಿ ಎಂದೇ ಅಷ್ಟು ಬಿಳಿ ಜಾಗ ಬಿಟ್ಟಿದ್ದು ಎಂದರು. ಗೀಚಿದ ಪೋಸ್ಟರುಗಳ ಚಿತ್ರ ಜಾಲತಾಣಗಳಲ್ಲಿ ಹರಿದಾಡಿದಷ್ಟೂ ಸಾಧನದ ಹೆಸರು ಹರಡಿತು. ಪ್ರತಿಭಟಿಸಿದವರು ಜಾಹೀರಾತನ್ನು ಕೆಡಿಸಿದರೋ, ಬಿಟ್ಟಿಯಾಗಿ ಅದನ್ನು ಪೂರ್ತಿ ಮಾಡಿಕೊಟ್ಟರೋ? ಇದಕ್ಕೆ ಉತ್ತರ ಹುಡುಕಲು ಗೋಡೆಯ ಮೇಲಿನ ಬರಹವನ್ನಷ್ಟೇ ನೋಡಿದರೆ ಸಾಲದು. ಆ ಗೋಡೆ ಯಾರದು, ಅದರ ಮೇಲೆ ಮಾತನಾಡುವ ಹಕ್ಕನ್ನು ಯಾರು ಯಾರಿಗೆ ಮಾರಿದ್ದಾರೆ ಎಂಬುದನ್ನೂ ನೋಡಬೇಕು.

ಅಣಕು ಜಾಹೀರಾತಿನ ಹಿನ್ನೆಲೆ

ಸಾರ್ವಜನಿಕ ಸ್ಥಳದ ಜಾಹೀರಾತನ್ನು ತಿದ್ದಿ, ಅದರ ಅರ್ಥವನ್ನು ಅದರ ಮೇಲೆಯೇ ತಿರುಗಿಸುವ ಈ ಕ್ರಿಯೆಗೆ ‘ಸಬ್‌ವರ್ಟೈಸಿಂಗ್’ ಎಂಬ ಹೆಸರು ಬಳಕೆಯಲ್ಲಿದೆ. ಬುಡಮೇಲು ಮಾಡುವುದು, ಜಾಹೀರಾತು ನೀಡುವುದು ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ಪದವಿದು. ಕನ್ನಡದಲ್ಲಿ ಅಣಕು ಜಾಹೀರಾತು ಎಂದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಸಿದ್ಧ ಚಿತ್ರವನ್ನೋ ಘೋಷಣೆಯನ್ನೋ ಎತ್ತಿಕೊಂಡು ಅದಕ್ಕೆ ವಿರುದ್ಧಾರ್ಥ ಬರುವಂತೆ ಮಾಡುವ ತಂತ್ರವನ್ನು 1950ರ ದಶಕದಲ್ಲಿ ಫ್ರಾನ್ಸಿನ ಗೀ ದೆಬೋರ್ ಮತ್ತು ಅವರ ಸಂಗಡಿಗರು ಸಿದ್ಧಾಂತದ ಮಟ್ಟಕ್ಕೆ ಏರಿಸಿದ್ದರು. ಅದನ್ನು ಹೋರ್ಡಿಂಗಿನ ಎತ್ತರಕ್ಕೆ ಕೊಂಡೊಯ್ದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1977ರಲ್ಲಿ ಹುಟ್ಟಿದ ‘ಬಿಲ್‌ಬೋರ್ಡ್ ಲಿಬರೇಷನ್ ಫ್ರಂಟ್’ ಪ್ರಮುಖವಾದುದು.

ಈ ತಂಡದ ಕೆಲಸದಲ್ಲಿ ಮಿತವ್ಯಯ ಎದ್ದು ಕಾಣುತ್ತದೆ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ ತನ್ನ ಸೇವೆ ಹೆಚ್ಚು ಜಾಗಗಳಲ್ಲಿ ಸಿಗುತ್ತದೆ ಎಂದು ಹೇಳಿಕೊಂಡು ಊರುಗಳ ಹೆಸರು ಹಾಕುತ್ತಿದ್ದ ಫಲಕವೊಂದನ್ನು 2008ರಲ್ಲಿ ಅವರು ತಿದ್ದಿ, ಆ ಜಾಗಗಳ ಪಟ್ಟಿಗೆ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಪ್ರಧಾನ ಕಚೇರಿಯನ್ನು ಸೇರಿಸಿದರು. ಜನರ ದೂರವಾಣಿ ಸಂಭಾಷಣೆಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಕದ್ದಾಲಿಸಲು ಕಂಪನಿ ಸರ್ಕಾರಕ್ಕೆ ನೆರವಾಯಿತೆಂಬ ವಿವಾದ ಆಗ ಕಾವೇರಿತ್ತು. ಕಂಪನಿಯ ಅಕ್ಷರ, ಕಂಪನಿಯ ಬಣ್ಣ, ಕಂಪನಿಯ ವಾಕ್ಯ ಎಲ್ಲವೂ ಹಾಗೇ ಇದ್ದವು; ಬದಲಾದದ್ದು ವಾಕ್ಯದ ಬಾಲ ಮಾತ್ರ. ಬರೀ ಮಸಿ ಬಳಿದು ಹೋಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಮಸಿ ಬಳಿದರೆ ಜಾಹೀರಾತು ಮೂಕವಾಗುತ್ತದೆ, ತಿದ್ದಿದರೆ ಅದು ತನ್ನ ಬಾಯಿಂದಲೇ ಒಪ್ಪಿಕೊಂಡಂತೆ ಕೇಳಿಸುತ್ತದೆ.

ಗಾಜಿನ ಪೆಟ್ಟಿಗೆ ಮತ್ತು ಒಂದು ಕೀಲಿ

ಹೋರ್ಡಿಂಗು ಹತ್ತಲು ಏಣಿ ಬೇಕು, ಧೈರ್ಯ ಬೇಕು, ಕತ್ತಲೆ ಬೇಕು. ಬಸ್ ತಂಗುದಾಣದ ಜಾಹೀರಾತಿಗೆ ಇವು ಯಾವುವೂ ಬೇಡ. ಯುರೋಪಿನ ಬಹುತೇಕ ನಗರಗಳಲ್ಲಿ ಅದು ಅಲ್ಯೂಮಿನಿಯಂ ಚೌಕಟ್ಟು, ಮುಂದೊಂದು ಗಾಜಿನ ಬಾಗಿಲು, ಒಳಗೆ ದೀಪ, ಆ ದೀಪದ ಮುಂದೆ ತೂಗುವ 1.2 ಮೀಟರ್ ಅಗಲ, 1.8 ಮೀಟರ್ ಎತ್ತರದ ಕಾಗದ, ಇಷ್ಟೇ. ಬಾಗಿಲ ಬೀಗ ತೆರೆಯುವುದು ವಿದ್ಯುತ್ ಪೆಟ್ಟಿಗೆಗಳಿಗೆ ಬಳಸುವಂಥ ಸಾಮಾನ್ಯ ಕೀಲಿಯಿಂದ. ಹೊಳೆಯುವ ಹಳದಿ ಮೇಲಂಗಿ ತೊಟ್ಟು ಹಗಲಿನಲ್ಲೇ ನಿಂತು ಹಳೆಯ ಕಾಗದ ತೆಗೆದು ಹೊಸದನ್ನು ತೂಗುಹಾಕುವವರನ್ನು ಜನ ಕಂಪನಿಯ ಕೆಲಸಗಾರರೆಂದೇ ಭಾವಿಸುತ್ತಾರೆ.

ಬ್ರಿಟನ್ನಿನ ‘ಬ್ರಾಂಡಲಿಸಂ’ ಗುಂಪು 2015ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ್ದು ಇದನ್ನೇ. ಹವಾಮಾನ ಶೃಂಗಸಭೆ ಶುರುವಾಗುವ ಮುನ್ನ 19 ದೇಶಗಳ 82 ಕಲಾವಿದರ 600 ಪೋಸ್ಟರುಗಳನ್ನು ಆ ಗಾಜಿನ ಪೆಟ್ಟಿಗೆಗಳೊಳಗೆ ಸೇರಿಸಲಾಯಿತು. ಆ ತಿಂಗಳ ಭಯೋತ್ಪಾದಕ ದಾಳಿಯ ನಂತರ ತುರ್ತುಸ್ಥಿತಿ ಜಾರಿಯಲ್ಲಿದ್ದು, ಬೀದಿ ಮೆರವಣಿಗೆಗಳಿಗೆ ನಿಷೇಧವಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಗೋಡೆಗೆ ಬಂದ ಮಹತ್ವ ಅರ್ಥವಾಗುತ್ತದೆ. ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಆಗಷ್ಟೇ ಸಿಕ್ಕಿಬಿದ್ದಿದ್ದ ಫೋಕ್ಸ್‌ವ್ಯಾಗನ್ ಹೆಸರಿನ ಪೋಸ್ಟರು, ಸಿಕ್ಕಿಬಿದ್ದೆವಲ್ಲ ಎಂಬುದಕ್ಕೆ ಕ್ಷಮೆ ಕೇಳುತ್ತಿತ್ತು. ಏರ್ ಫ್ರಾನ್ಸ್ ಹೆಸರಿನ ಇನ್ನೊಂದು, ಹವಾಮಾನ ಬದಲಾವಣೆಯನ್ನು ತಡೆಯುತ್ತೀರಾ ಎಂದು ತಾನೇ ಕೇಳಿಕೊಂಡು, ಖಂಡಿತ ಇಲ್ಲ, ನಾವು ವಿಮಾನ ಕಂಪನಿಯವರು ಎಂದು ತಾನೇ ಉತ್ತರಿಸಿತ್ತು.

ಇಲ್ಲಿ ಕಾನೂನಿಗೂ ಸಣ್ಣ ಪೇಚಾಟವಿದೆ. ಬಣ್ಣ ಬಳಿದರೆ ಆಸ್ತಿಗೆ ಹಾನಿ ಎಂದು ಮೊಕದ್ದಮೆ ಹೂಡುವುದು ಸುಲಭ. ಬೀಗ ಒಡೆಯದೆ, ಗಾಜು ಬಿರಿಯದೆ, ಮೂಲ ಕಾಗದವನ್ನು ಹರಿಯದೆ ಅದರ ಮುಂದೆ ಇನ್ನೊಂದು ಕಾಗದ ತೂಗಿಸಿದರೆ ಹಾನಿ ಯಾವುದಕ್ಕಾಯಿತು? ಕಂಪನಿ ಕಳೆದುಕೊಂಡದ್ದು ಕೆಲವು ಗಂಟೆಗಳ ನೋಟವನ್ನು.

ಗೋಡೆ ಮಾರಾಟವಾದ ಬಗೆ

ಆ ನೋಟಕ್ಕೆ ಬೆಲೆ ಬಂದದ್ದು ಹೇಗೆ ಎಂಬುದು ಇಡೀ ವಿವಾದದ ಬೇರು. ಜಾನ್-ಕ್ಲೋದ್ ದಕೋ ಎಂಬ ಫ್ರೆಂಚ್ ಉದ್ಯಮಿ 1964ರಲ್ಲಿ ಲಿಯೋನ್ ನಗರಕ್ಕೆ ಒಂದು ಪ್ರಸ್ತಾಪ ತೆಗೆದುಕೊಂಡು ಹೋದರು. ಬಸ್ ತಂಗುದಾಣಗಳನ್ನು ತಾವೇ ಕಟ್ಟಿಸಿ, ತೊಳೆದು, ರಿಪೇರಿ ಮಾಡಿ ನೋಡಿಕೊಳ್ಳುತ್ತೇವೆ, ನಗರ ಒಂದು ಕಾಸೂ ಕೊಡಬೇಕಿಲ್ಲ. ಬದಲಿಗೆ ಅಲ್ಲಿ ಜಾಹೀರಾತು ಹಾಕುವ ಹಕ್ಕು ತಮಗಿರಲಿ ಎಂಬುದು ಅದರ ಸಾರ. ನಗರಾಡಳಿತಕ್ಕೆ ಇದಕ್ಕಿಂತ ಸುಲಭದ ವ್ಯವಹಾರ ಬೇರೆ ಸಿಗಲಾರದು. ಇದೇ ಮಾದರಿ ಜಗತ್ತಿನ ನೂರಾರು ನಗರಗಳಿಗೆ ಹಬ್ಬಿ, ತಂಗುದಾಣದ ಜೊತೆಗೆ ಗಡಿಯಾರ, ಸಾರ್ವಜನಿಕ ಶೌಚಾಲಯ, ಬಾಡಿಗೆ ಸೈಕಲ್ಲುಗಳೂ ಒಪ್ಪಂದದೊಳಗೆ ಬಂದವು.

ಇದರ ಪರಿಣಾಮ ಸರಪಳಿಯಂತೆ ಸಾಗುತ್ತದೆ. ತಂಗುದಾಣದ ಖರ್ಚು ಜಾಹೀರಾತಿನಿಂದ ಬರುವುದಾದರೆ ತಂಗುದಾಣ ಕಟ್ಟುವ ಜಾಗವೂ ಜಾಹೀರಾತಿಗೆ ಅನುಕೂಲವಾಗಿರಬೇಕಾಗುತ್ತದೆ. ಗುತ್ತಿಗೆ ಹಲವು ವರ್ಷಗಳದ್ದಾದ್ದರಿಂದ ಮುಂದಿನ ಚುನಾವಣೆಯಲ್ಲಿ ಗೆದ್ದು ಬಂದವರು ಮನಸ್ಸು ಬದಲಿಸಿದರೂ ಕೈ ಕಟ್ಟಿರುತ್ತದೆ. ಫಲಕ ತೆಗೆಯಿರಿ ಎಂದು ನಾಗರಿಕರು ಕೇಳಿದರೆ, ಹಾಗಾದರೆ ತಂಗುದಾಣದ ದುಡ್ಡನ್ನು ತೆರಿಗೆಯಲ್ಲಿ ಕೊಡುತ್ತೀರಾ ಎಂಬ ಪ್ರಶ್ನೆ ಎದುರಾಗುತ್ತದೆ. ಬೀದಿ ಕಲಾವಿದರ ಕೋಪ ಕಂಪನಿಯ ಮೇಲೆ ಹರಿಯುತ್ತದಾದರೂ ಗೋಡೆಯನ್ನು ಮಾರಿದ್ದು ನಗರಾಡಳಿತ ಎಂಬುದು ಹಲವು ಅಣಕು ಪೋಸ್ಟರುಗಳಲ್ಲಿ ಮರೆತೇಹೋಗಿರುತ್ತದೆ.

ಎರಡೂ ಕಡೆಯ ವಾದ

ಜಾಹೀರಾತು ಉದ್ಯಮದ ವಾದ ಸರಳವೂ ಬಲವಾದುದೂ ಆಗಿದೆ. ಹಣ ಕೊಟ್ಟು, ಪರವಾನಗಿ ಪಡೆದು, ತನ್ನ ಹೆಸರು ಬಹಿರಂಗವಾಗಿ ಹಾಕಿಕೊಂಡು ಮಾತನಾಡುವವರ ಮಾತನ್ನು ಹೆಸರಿಲ್ಲದವರು ರಾತ್ರೋರಾತ್ರಿ ಅಳಿಸುವುದು ಯಾವ ನ್ಯಾಯ? ಇಂದು ತಂಬಾಕು ಕಂಪನಿಯ ಪೋಸ್ಟರು ಕೆಡಿಸಿದವರಿಗೆ ಚಪ್ಪಾಳೆ ತಟ್ಟಿದರೆ, ನಾಳೆ ಲಸಿಕೆಯ ಪೋಸ್ಟರು ಕೆಡಿಸುವವರನ್ನು ಯಾವ ಬಾಯಲ್ಲಿ ತಡೆಯುವುದು? ಈ ಕೊನೆಯ ಪ್ರಶ್ನೆಗೆ ಅಣಕು ಜಾಹೀರಾತಿನ ಸಮರ್ಥಕರಲ್ಲಿ ತೃಪ್ತಿಕರ ಉತ್ತರ ಇಲ್ಲ. ಜೊತೆಗೆ, ಕೆಡಿಸಿದ್ದನ್ನು ಮರುದಿನ ಬೆಳಿಗ್ಗೆ ತೊಳೆಯುವುದು ಕಂಪನಿಯ ನಿರ್ದೇಶಕರಲ್ಲ, ದಿನಗೂಲಿಯ ಕೆಲಸಗಾರ.

ಎದುರು ವಾದ ನೋಟದ ಒತ್ತಾಯವನ್ನು ಮುಂದಿಡುತ್ತದೆ. ಪತ್ರಿಕೆ ಮಡಚಬಹುದು, ಟಿವಿ ಆರಿಸಬಹುದು. ದಾರಿಯಲ್ಲಿ ನಡೆಯುವಾಗ ಕಣ್ಣು ಮುಚ್ಚಿಕೊಳ್ಳಲಾಗದು. ಇದು ಬರೀ ಹೋರಾಟಗಾರರ ಮಾತಲ್ಲ. ಪತ್ರಿಕೆಗಳಿಗೆ ವಿನಾಯಿತಿ ಕೊಟ್ಟು ಬೀದಿ ಫಲಕಗಳಲ್ಲಿ ಮಾತ್ರ ತಂಬಾಕಿನ ಜಾಹೀರಾತನ್ನು ನಿಷೇಧಿಸಿದ್ದ ಯೂಟಾ ರಾಜ್ಯದ ಕಾಯಿದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1932ರಲ್ಲಿ ಎತ್ತಿಹಿಡಿದಾಗ, ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್ ಕೊಟ್ಟ ಕಾರಣ ಇದೇ ಆಗಿತ್ತು: ಫಲಕದ ಸಂದೇಶ ನೋಡುಗರ ಮೇಲೆ ಹೇರಿದ್ದು, ಅವರು ಆರಿಸಿಕೊಂಡದ್ದಲ್ಲ.

ನಿಮಗೂ ಹೇಳುವುದಿದ್ದರೆ ನೀವೂ ದುಡ್ಡು ಕೊಟ್ಟು ಜಾಗ ಕೊಳ್ಳಿ ಎಂಬ ಉತ್ತರ ಇಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ. ವ್ಯಾಪಾರದ ಜಾಹೀರಾತು ಹಾಕುವ ಸಾರಿಗೆ ಸಂಸ್ಥೆ ರಾಜಕೀಯ ಜಾಹೀರಾತನ್ನು ನಿರಾಕರಿಸಬಹುದು ಎಂದು ಅದೇ ಸುಪ್ರೀಂ ಕೋರ್ಟ್ 1974ರಲ್ಲಿ ಓಹಾಯೋ ರಾಜ್ಯದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿದೆ. ನ್ಯೂಯಾರ್ಕಿನ ಸಾರಿಗೆ ಪ್ರಾಧಿಕಾರ 2015ರಲ್ಲಿ ರಾಜಕೀಯ ಜಾಹೀರಾತುಗಳನ್ನು ಪೂರ್ತಿ ನಿಲ್ಲಿಸಿತು. ಅಂದರೆ, ಒಂಟಿತನ ನೀಗಲು ಯಂತ್ರ ಕೊಳ್ಳಿ ಎನ್ನುವ ಮಾತಿಗೆ ಆ ರೈಲುಗಳಲ್ಲಿ ದರಪಟ್ಟಿಯಿದೆ. ಅಂಥ ಯಂತ್ರಗಳನ್ನು ಕಾನೂನಿನ ಹಿಡಿತಕ್ಕೆ ತನ್ನಿ ಎಂದು ಪ್ರಚಾರ ಮಾಡಲು ಹೊರಟವರ ಮಾತು ರಾಜಕೀಯವೆನಿಸಿ ಹೊರಗುಳಿಯುವ ಸಾಧ್ಯತೆಯೇ ಹೆಚ್ಚು. ದಪ್ಪ ಪೆನ್ನು ಹುಟ್ಟಿಕೊಳ್ಳುವುದು ಈ ಬಿರುಕಿನಲ್ಲಿ. ಗೀಚಿದ್ದು ತಪ್ಪೇ ಇರಬಹುದು, ಆದರೆ ಮಾತಿಗೆ ಬೇರೆ ದಾರಿ ಇತ್ತು ಎಂದು ವಾದಿಸುವವರು ಆ ದಾರಿಯನ್ನು ತೋರಿಸಬೇಕಾಗುತ್ತದೆ.

ನಿಯಮ ಎಲ್ಲರಿಗೂ ಒಂದೇ ತೂಕದಲ್ಲಿ ಅನ್ವಯವಾಗುತ್ತದೆಯೇ ಎಂಬುದೂ ಅನುಮಾನ. ಅದೇ ನಗರದಲ್ಲಿ 2009ರಲ್ಲಿ ಜೋರ್ಡನ್ ಸೈಲರ್ ಎಂಬ ಕಲಾವಿದರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಜಾಹೀರಾತು ಫಲಕಗಳಿಗೆ ಸುಣ್ಣದಂತೆ ಬಿಳಿ ಬಣ್ಣ ಹೊಡೆದು, ಮೇಲೆ ಚಿತ್ರ ಬರೆಯಲಾಯಿತು. ಅವರು ಆರಿಸಿಕೊಂಡಿದ್ದು ನಗರದ ಪರವಾನಗಿಯೇ ಇಲ್ಲದೆ ನಿಂತಿದ್ದ ಫಲಕಗಳನ್ನು. ಫಲಕಗಳು ಎಷ್ಟೋ ಕಾಲದಿಂದ ಹಾಗೇ ನಿಂತಿದ್ದವು. ಬಿಳಿ ಬಳಿದವರಲ್ಲಿ ಕೆಲವರನ್ನು ಪೊಲೀಸರು ಬಂಧಿಸಿದರು.

ಸಿಡ್ನಿಯ ಸ್ಪ್ರೇ ಡಬ್ಬಿ

ಇಷ್ಟೆಲ್ಲ ಮಾಡಿ ಏನಾದರೂ ಬದಲಾಗಿದೆಯೇ ಎಂದು ಕೇಳುವವರು ಆಸ್ಟ್ರೇಲಿಯಾದತ್ತ ನೋಡಬೇಕು. ಸಿಡ್ನಿಯಲ್ಲಿ 1979ರಲ್ಲಿ ‘ಬುಗಾ ಅಪ್’ ಎಂಬ ಗುಂಪು ಶುರುವಾಯಿತು. ಅನಾರೋಗ್ಯಕರ ಪ್ರಚಾರದ ವಿರುದ್ಧ ಫಲಕ ಬಳಸುವ ಗೋಡೆಬರಹಗಾರರು ಎಂಬ ಉದ್ದದ ಹೆಸರನ್ನು ಮೊಟಕುಗೊಳಿಸಿದಾಗ, ಎಲ್ಲ ಎಕ್ಕುಟ್ಟಿಸು ಎಂಬರ್ಥದ ಒರಟು ಬೈಗುಳದ ಸದ್ದು ಬರುವಂತೆ ಅವರು ನೋಡಿಕೊಂಡಿದ್ದರು. ಗುರಿ ಮುಖ್ಯವಾಗಿ ಸಿಗರೇಟು, ಆಮೇಲೆ ಮದ್ಯ. ‘ಮಾರ್ಲ್‌ಬರೋ’ ಎಂಬ ದೊಡ್ಡಕ್ಷರದ ಹೆಸರಿನಲ್ಲಿ ಕೆಲವು ಅಕ್ಷರಗಳನ್ನು ಮರೆಮಾಚಿ, ಒಂದೆರಡನ್ನು ಸೇರಿಸಿ, ಇದೊಂದು ಬೋರು ಎಂದು ಓದಿಸಿಕೊಳ್ಳುವಂತೆ ಮಾಡಿದ್ದು ಅವರ ಹೆಸರುವಾಸಿ ತಿದ್ದುಪಡಿ.

ಈ ಗುಂಪಿನಲ್ಲಿ ವೈದ್ಯರೂ ಇದ್ದರು, ಅವರು ಸಿಕ್ಕಿಬಿದ್ದಾಗ ನ್ಯಾಯಾಲಯದಲ್ಲಿ ಹಾಜರಾಗಿ ಮಾಡಿದ್ದನ್ನು ಒಪ್ಪಿಕೊಂಡು, ಕಾರಣ ಹೇಳುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಕಂಡವರೇ ಸ್ಪ್ರೇ ಡಬ್ಬಿ ಹಿಡಿದರೆ ಪ್ರಶ್ನೆ ಪುಂಡಾಟಿಕೆಯದಾಗಿ ಉಳಿಯುವುದಿಲ್ಲ. ಪತ್ರಿಕೆಗಳು ವಿಚಾರಣೆಯನ್ನು ವರದಿ ಮಾಡುವಾಗ ಸಿಗರೇಟಿನ ಹಾನಿಯನ್ನೂ ಬರೆಯಲೇಬೇಕಾಗುತ್ತದೆ. ಜೊತೆಜೊತೆಗೆ ಆರೋಗ್ಯ ಸಂಘಟನೆಗಳು ಶಾಸನಸಭೆಗಳ ಬಾಗಿಲು ಬಡಿಯುತ್ತಿದ್ದವು. ವಿಕ್ಟೋರಿಯಾ ರಾಜ್ಯ 1987ರಲ್ಲಿ ತಂಬಾಕು ಕಾಯಿದೆ ತಂದು, ಸಿಗರೇಟಿನ ಮೇಲಿನ ಸುಂಕದಿಂದ ಆರೋಗ್ಯ ಪ್ರತಿಷ್ಠಾನವೊಂದನ್ನು ಕಟ್ಟಿ, ಕ್ರೀಡೆಗೂ ಕಲೆಗೂ ತಂಬಾಕು ಕಂಪನಿಗಳು ಕೊಡುತ್ತಿದ್ದ ಪ್ರಾಯೋಜಕತ್ವದ ಹಣಕ್ಕೆ ಬದಲಿ ಒದಗಿಸಿತು. ಕ್ರೀಡಾಸಂಸ್ಥೆಗಳ ವಿರೋಧ ತಣ್ಣಗಾಗಲು ಇದು ಬಹಳ ಮಟ್ಟಿಗೆ ಕಾರಣ. ಇಡೀ ದೇಶಕ್ಕೆ ಅನ್ವಯವಾಗುವ ನಿಷೇಧದ ಕಾಯಿದೆ 1992ರಲ್ಲಿ ಬಂತು.

ಕಾಯಿದೆ ತಂದದ್ದು ಸ್ಪ್ರೇ ಡಬ್ಬಿಯೇ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಬಣ್ಣದ ಹಿಂದೆ ಒಂದೇ ಬೇಡಿಕೆ ಇತ್ತು, ಆ ಬೇಡಿಕೆ ಕಾಯಿದೆಯ ಭಾಷೆಯಲ್ಲಿ ಹೇಳಬಹುದಾದಷ್ಟು ಸ್ಪಷ್ಟವಾಗಿತ್ತು, ಅದನ್ನು ಸದನದವರೆಗೆ ಹೊತ್ತೊಯ್ಯುವವರು ಬೇರೆ ಇದ್ದರು. ಫ್ರಾನ್ಸಿನಲ್ಲಿ 2005ರಿಂದ ‘ದೆಬುಲೊನರ್’ ಎಂಬ ಗುಂಪಿನವರು ಹಗಲಿನಲ್ಲೇ, ಜನರೆದುರಿಗೇ ಜಾಹೀರಾತಿನ ಮೇಲೆ ಬರೆದು, ಓಡಿಹೋಗದೆ ಪೊಲೀಸರಿಗಾಗಿ ಕಾದು ನಿಲ್ಲುತ್ತಿದ್ದುದರ ಹಿಂದೆಯೂ ವಿಷಯವನ್ನು ನ್ಯಾಯಾಲಯಕ್ಕೆ ಒಯ್ಯುವ ಇದೇ ಲೆಕ್ಕಾಚಾರವಿತ್ತು. ಅವರಲ್ಲಿ ಆರು ಮಂದಿಯನ್ನು ಪ್ಯಾರಿಸ್ಸಿನ ನ್ಯಾಯಾಲಯ 2013ರಲ್ಲಿ ಖುಲಾಸೆ ಮಾಡಿತು.

ಅಣಕವನ್ನೇ ನುಂಗುವ ಮಾರುಕಟ್ಟೆ

ಬೇಡಿಕೆಯಿಲ್ಲದ ಅಣಕದ ಗತಿ ಬೇರೆ. ಐಬಿಎಂ ಕಂಪನಿ 2001ರಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಪ್ರಚಾರಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ನಗರಗಳ ಕಾಲುದಾರಿಗಳ ಮೇಲೆ ತಾನೇ ಗೋಡೆಬರಹದ ಶೈಲಿಯಲ್ಲಿ ಚಿಹ್ನೆಗಳನ್ನು ಅಚ್ಚೊತ್ತಿಸಿ, ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ದಂಡ ಕಟ್ಟಿತು. ದೊಡ್ಡ ಕಂಪನಿಗೆ ಅದು ಪ್ರಚಾರದ ಖರ್ಚಿನ ಇನ್ನೊಂದು ಬಾಬ್ತು, ಅಷ್ಟೆ. 1990ರ ದಶಕದಲ್ಲಿ ನ್ಯೂಯಾರ್ಕಿನ ತಂಗುದಾಣಗಳ ಪೆಟ್ಟಿಗೆ ತೆರೆದು ಫ್ಯಾಷನ್ ಪೋಸ್ಟರುಗಳ ಮೇಲೆ ತನ್ನ ತಲೆಬುರುಡೆಯ ಆಕೃತಿಗಳನ್ನು ಬರೆದು ಮರಳಿ ತೂಗುಹಾಕುತ್ತಿದ್ದ ‘ಕಾಸ್’ ಎಂಬ ಕಲಾವಿದರ ಚಿತ್ರವೊಂದು 2019ರಲ್ಲಿ ಹಾಂಗ್ ಕಾಂಗಿನ ಹರಾಜಿನಲ್ಲಿ ಸುಮಾರು 1.48 ಕೋಟಿ ಡಾಲರಿಗೆ ಮಾರಾಟವಾಯಿತು. ಅವರು ಅಣಕಿಸಿದ ಲೋಕವೇ ಅವರನ್ನು ಬರಮಾಡಿಕೊಂಡಿತು.

ಇನ್ನೂ ವಿಚಿತ್ರವಾದದ್ದು 2018ರ ಪ್ರಕರಣ. ಎಚ್ ಅಂಡ್ ಎಂ ಬಟ್ಟೆ ಕಂಪನಿಯ ಜಾಹೀರಾತಿನ ಹಿನ್ನೆಲೆಯಲ್ಲಿ ‘ರೆವೊಕ್’ ಎಂಬ ಬೀದಿ ಕಲಾವಿದರ ಗೋಡೆಚಿತ್ರ ಇತ್ತು. ಅವರು ಆಕ್ಷೇಪಿಸಿದಾಗ ಕಂಪನಿ, ಅನುಮತಿಯಿಲ್ಲದೆ ಬರೆದ ಚಿತ್ರಕ್ಕೆ ಹಕ್ಕುಸ್ವಾಮ್ಯವೇ ಇಲ್ಲ ಎಂದು ನ್ಯಾಯಾಲಯಕ್ಕೆ ಹೋಯಿತು. ಬೀದಿಯವನ ಗೀಚು ಅಪರಾಧ, ಅದೇ ಗೀಚು ನಮ್ಮ ಜಾಹೀರಾತಿನಲ್ಲಿ ಮಾತ್ರ ಸೊಗಸು ಎಂಬಂತಿದ್ದ ಈ ನಿಲುವಿಗೆ ಕಲಾವಿದರಿಂದ ಎಂಥ ಪ್ರತಿಭಟನೆ ಬಂತೆಂದರೆ, ಕೆಲವೇ ದಿನಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು.

‘ಫ್ರೆಂಡ್’ ಪ್ರಚಾರ ಈ ಸಾಲಿನಲ್ಲಿ ಒಂದು ಹೆಜ್ಜೆ ಮುಂದಿದೆ, ಏಕೆಂದರೆ ಅಲ್ಲಿ ಕೋಪ ಬರುವ ಮುಂಚೆಯೇ ಅದಕ್ಕೆ ಜಾಗ ಮೀಸಲಿಡಲಾಗಿತ್ತು. ಬರೆದವರ ಮಾತು ಸುಳ್ಳಾಯಿತೆಂದಲ್ಲ. ಆದರೆ ಪೋಸ್ಟರಿನ ಮೇಲೆ ಬರೆದ ಸಾವಿರ ಕೈಗಳಿಗೆ ಸಾಮಾನ್ಯವಾದ ಒಂದು ಬೇಡಿಕೆ ಇರಲಿಲ್ಲ. ಮಾತುಗಳನ್ನು ಸದಾ ಕೇಳಿಸಿಕೊಳ್ಳುವ ಸಾಧನಗಳಿಗೆ ಇಂಥ ನಿಯಮ ಬೇಕು, ಸಾರ್ವಜನಿಕ ಸಾರಿಗೆಯಲ್ಲಿ ಇಂಥ ಜಾಹೀರಾತು ಬೇಡ ಎಂದು ಯಾವ ಮೇಜಿನ ಮೇಲೂ ಅದು ಅರ್ಜಿಯಾಗಿ ಹೋಗದಿದ್ದರೆ, ಉಳಿಯುವುದು ಚಿತ್ರ ಮತ್ತು ಚಿತ್ರದಲ್ಲಿರುವ ಕಂಪನಿಯ ಹೆಸರು.

ಫಲಕವೇ ಬೇಡ ಎಂದ ನಗರಗಳು

ಕೆಲವು ನಗರಗಳು ಜಗಳವನ್ನು ಮೂಲದಲ್ಲೇ ಕಡಿಯಲು ಯತ್ನಿಸಿವೆ. ಬ್ರೆಜಿಲ್ಲಿನ ಸಾವೊ ಪಾವ್ಲೊ 2006ರಲ್ಲಿ ‘ಸ್ವಚ್ಛ ನಗರ’ ಕಾಯಿದೆ ಮಾಡಿ, 2007ರಿಂದ ಜಾರಿಗೆ ತಂದು, ಸುಮಾರು 15,000 ಹೋರ್ಡಿಂಗುಗಳನ್ನು ಇಳಿಸಿತು. ಉದ್ಯಮ ಮುಳುಗುತ್ತದೆ ಎಂಬ ಎಚ್ಚರಿಕೆಯ ನಡುವೆಯೂ ನಗರ ನಡೆಯಿತು. ಆದರೆ ಮುಂದೆ ಗಡಿಯಾರ ಮತ್ತು ತಂಗುದಾಣಗಳ ಗುತ್ತಿಗೆಯ ಮೂಲಕ ಜಾಹೀರಾತು ಹಿಂಬಾಗಿಲಿನಿಂದ ಮರಳಿತು. ಕಲಾವಿದರಿಗೆ ಇನ್ನೊಂದು ಪಾಠವೂ ಅಲ್ಲಿತ್ತು: ಸ್ವಚ್ಛತೆಯ ತರ್ಕ ಜಾಹೀರಾತಿಗಷ್ಟೇ ನಿಲ್ಲುವುದಿಲ್ಲ. 2017ರಲ್ಲಿ ಹೊಸ ಮೇಯರ್ ಬಂದಾಗ ನಗರದ ದೊಡ್ಡ ರಸ್ತೆಯೊಂದರ ಉದ್ದಕ್ಕೂ ಇದ್ದ ಗೋಡೆಚಿತ್ರಗಳ ಮೇಲೆಯೇ ಬೂದು ಬಣ್ಣ ಹೊಡೆಸಿದರು.

ಫ್ರಾನ್ಸಿನ ಗ್ರನೋಬಲ್ 2014ರಲ್ಲಿ ಗುತ್ತಿಗೆ ನವೀಕರಿಸದೆ 326 ಫಲಕಗಳನ್ನು ತೆಗೆಸಲು ನಿರ್ಧರಿಸಿತು. ತಂಗುದಾಣಗಳ ಗುತ್ತಿಗೆ ಬೇರೆಯಿದ್ದುದರಿಂದ ಅಲ್ಲಿನ ಜಾಹೀರಾತು ಉಳಿದುಕೊಂಡಿತು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 2017ರ ಜನವರಿಯಲ್ಲಿ ಗುತ್ತಿಗೆ ಕೈಬದಲಾಗುವಾಗ ಫಲಕಗಳಿಗೆಲ್ಲ ಬಿಳಿ ಹಾಳೆ ಅಂಟಿಸಲಾಗಿತ್ತು. ಯಾರೂ ಕರೆಯದಿದ್ದರೂ ಜನ ಬಂದು ಆ ಹಾಳೆಗಳ ಮೇಲೆ ಚಿತ್ರ ಬರೆದರು, ಕವಿತೆ ಬರೆದರು, ಒಬ್ಬರ ಬರಹಕ್ಕೆ ಇನ್ನೊಬ್ಬರು ಉತ್ತರ ಬರೆದರು. ನ್ಯೂಯಾರ್ಕಿನ ಬಿಳಿ ಜಾಗಕ್ಕೂ ಈ ಬಿಳಿ ಜಾಗಕ್ಕೂ ಇರುವ ಅಂತರವೆಂದರೆ, ಇಲ್ಲಿ ಮೂಲೆಯಲ್ಲಿ ಯಾವ ಕಂಪನಿಯ ಹೆಸರೂ ಇರಲಿಲ್ಲ. ಅದೇ ನಗರದಲ್ಲಿ ವಾಣಿಜ್ಯ ಜಾಹೀರಾತನ್ನು ಬೀದಿಯಿಂದ ತೆಗೆಯುವ ಪ್ರಸ್ತಾಪ 2023ರಲ್ಲಿ ಜನಮತಕ್ಕೆ ಬಂದು ಅಲ್ಪ ಅಂತರದಿಂದ ಬಿದ್ದುಹೋಯಿತು ಎಂಬುದನ್ನೂ ಹೇಳಬೇಕು.

ಪೂರ್ತಿ ನಿಷೇಧಕ್ಕಿಂತ ಆಯ್ದ ನಿಷೇಧಕ್ಕೆ ಈಗ ಹೆಚ್ಚು ಒಲವಿದೆ. ಲಂಡನ್ನಿನ ಸಾರಿಗೆ ಸಂಸ್ಥೆ 2019ರಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಜಾಹೀರಾತು ನಿಲ್ಲಿಸಿತು. ನೆದರ್ಲೆಂಡ್ಸಿನ ಹೇಗ್ ನಗರ 2024ರಲ್ಲಿ ಪೆಟ್ರೋಲ್, ಡೀಸೆಲ್, ವಿಮಾನಯಾನದಂಥವುಗಳ ಬೀದಿ ಜಾಹೀರಾತನ್ನು ನಿಷೇಧಿಸಿ, 2025ರ ಜನವರಿಯಿಂದ ಜಾರಿಗೊಳಿಸಿತು. ಪ್ರವಾಸ ಉದ್ಯಮ ನ್ಯಾಯಾಲಯಕ್ಕೆ ಹೋದರೂ ನಿಷೇಧ ಉಳಿಯಿತು. 2015ರಲ್ಲಿ ಪ್ಯಾರಿಸ್ಸಿನ ಗಾಜಿನ ಪೆಟ್ಟಿಗೆಯೊಳಗೆ ಹಾಸ್ಯವಾಗಿ ತೂಗಿದ್ದ ಮಾತು ಇಲ್ಲಿ ಸ್ಥಳೀಯ ನಿಯಮದ ಕಲಮಾಗಿದೆ.

ಕಾಗದ ಹೋಗಿ ಪರದೆ ಬಂದ ಮೇಲೆ

ಗುತ್ತಿಗೆಗಳು ನವೀಕರಣವಾದ ಕಡೆಯಲ್ಲೆಲ್ಲ ಕಾಗದದ ಪೆಟ್ಟಿಗೆಯ ಜಾಗಕ್ಕೆ ಡಿಜಿಟಲ್ ಪರದೆ ಬರುತ್ತಿದೆ. ಅದರೊಳಗೆ ತೆಗೆದು ಹಾಕಲು ಹಾಳೆಯಿಲ್ಲ. ಗಾಜಿನ ಮೇಲೆ ಗೀಚಿದರೂ ಹಿಂದೆ ಚಿತ್ರ ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುವುದರಿಂದ ಅಣಕಕ್ಕೆ ಹೊಂದಿಕೊಳ್ಳುವ ವಾಕ್ಯವೇ ಕೈಗೆ ಸಿಗುವುದಿಲ್ಲ. ಹೀಗಾಗಿ ಹೊಸ ಅಣಕಗಳು ಗೋಡೆಗಿಂತ ಫೋಟೋಕ್ಕಾಗಿಯೇ ಹುಟ್ಟುತ್ತಿವೆ. 2025ರ ಆರಂಭದಲ್ಲಿ ಲಂಡನ್ನಿನ ಬಸ್ ತಂಗುದಾಣದಲ್ಲಿ ಟೆಸ್ಲಾ ಕಾರು ಮೂರು ಸೆಕೆಂಡಿನಲ್ಲಿ ಸೊನ್ನೆಯಿಂದ 1939ಕ್ಕೆ, ಅಂದರೆ ನಾಜಿ ಜರ್ಮನಿ ಯುದ್ಧ ಆರಂಭಿಸಿದ ವರ್ಷಕ್ಕೆ, ಏರುತ್ತದೆ ಎಂದು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರ ರಾಜಕೀಯವನ್ನು ಚುಚ್ಚಿದ ಪೋಸ್ಟರನ್ನು ಖುದ್ದಾಗಿ ಕಂಡವರಿಗಿಂತ ಫೋನಿನಲ್ಲಿ ಕಂಡವರೇ ಹೆಚ್ಚು. ಮುಂದೆ ಪೋಸ್ಟರು ಎಲ್ಲಿಯೂ ತೂಗದೆ ಅದರ ಚಿತ್ರವನ್ನಷ್ಟೇ ಕಂಪ್ಯೂಟರಿನಲ್ಲಿ ಸೃಷ್ಟಿಸಿ ಹರಿಬಿಡುವುದು ಇನ್ನೂ ಸುಲಭ. ಆಗ ಕಂಪನಿಯ ಬಾಯಿಗೆ ಹಾಕಿದ ಮಾತು ಅಣಕವೋ ಸುಳ್ಳು ಸುದ್ದಿಯೋ ಎಂಬುದನ್ನು ಓದುಗರು ಬಿಡಿಸಿಕೊಳ್ಳಬೇಕಾಗುತ್ತದೆ.

ಬೆಳಕಿನ ವಿರುದ್ಧ ಬೇರೊಂದು ದಾರಿ ಫ್ರಾನ್ಸಿನಲ್ಲಿ ಕಾಣಿಸಿತು. ರಾತ್ರಿ ಒಂದು ಗಂಟೆಯ ಮೇಲೆ ಅಂಗಡಿಗಳ ಬೆಳಕಿನ ಬೋರ್ಡು ಆರಿಸಬೇಕೆಂಬ ನಿಯಮ ಅಲ್ಲಿದ್ದರೂ ಹಲವರು ಪಾಲಿಸುತ್ತಿರಲಿಲ್ಲ. ಇಂಧನದ ಬೆಲೆ ಏರಿದ್ದ 2022ರಲ್ಲಿ, ಗೋಡೆ ಹತ್ತುವ ಪಾರ್ಕೂರ್ ಅಭ್ಯಾಸವಿದ್ದ ಯುವಕರು ಕಟ್ಟಡದ ಅಂಚು ಹಿಡಿದು ಜಿಗಿದು, ಬೋರ್ಡಿನ ಪಕ್ಕದಲ್ಲಿ ಅಗ್ನಿಶಾಮಕ ದಳದ ಅನುಕೂಲಕ್ಕೆಂದು ಹೊರಗಡೆ ಅಳವಡಿಸಿದ್ದ ಸ್ವಿಚ್ಚನ್ನು ಕೆಳಗೆಳೆದರು. ಯಾವುದೂ ಒಡೆಯಲಿಲ್ಲ, ಬೆಳಿಗ್ಗೆ ಅಂಗಡಿಯವರು ಮತ್ತೆ ಹಾಕಿಕೊಳ್ಳಬಹುದಿತ್ತು. ತಂಗುದಾಣದ ಪರದೆಗೆ ದಾರಿಹೋಕರ ಕೈಗೆಟುಕುವಂಥ ಸ್ವಿಚ್ ಇರುವುದಿಲ್ಲ. ಅದು ಎಷ್ಟು ಹೊತ್ತು ಉರಿಯಬೇಕು, ಏನನ್ನು ತೋರಿಸಬಾರದು, ನಗರಕ್ಕೆ ಅದರಲ್ಲಿ ಎಷ್ಟು ನಿಮಿಷ ಎಂಬುದೆಲ್ಲ ಗುತ್ತಿಗೆಯ ಷರತ್ತುಗಳಲ್ಲಿ ಬರೆದಿರುತ್ತದೆ, ಮತ್ತು ಆ ಷರತ್ತುಗಳು ಚರ್ಚೆಗೆ ಬರುವುದು ಗುತ್ತಿಗೆ ಮುಗಿಯುವ ವರ್ಷ ಮಾತ್ರ.